ಕಟ್ಟಿದವರಿಗೆ ಸ್ವರ್ಗ, ಕಾದವರಿಗೆ?

ಕುದೂರಿನ ಆಸುಪಾಸಿನಲ್ಲಿ ಸಣ್ಣದೊಂದು ಕೆರೆಯ ಏರಿಗೆ ದುರಸ್ತಿಭಾಗ್ಯ ಬಂದರೆ ಸಾಕು, ನೋಡುವವರಿಗೇನೂ ಬರವಿಲ್ಲ. ಡೇರಿಗೆ ಹಾಲು ಹಾಕಿ ಬರುವವರು ಖಾಲಿ ಕ್ಯಾನು ಹಿಡಿದೇ ನಿಲ್ಲುತ್ತಾರೆ, ಕುರಿ ಮೇಯಿಸುವವರು ದಿಣ್ಣೆಯ ಮೇಲೆ ಕೂರುತ್ತಾರೆ. ಎಲ್ಲರ ಕಣ್ಣೂ ಹಿಟಾಚಿಯ ಮೇಲೆ. ಆದರೆ ಏರಿಗೆ ಕಸುವು ತುಂಬುವುದು ಆಮೇಲಿನ ನಿಧಾನದ ಕೆಲಸ. ಹಳೆಯ ಏರಿಯ ಹುಲ್ಲು, ಸಡಿಲ ಮಣ್ಣು ಕೆರೆದು ತೆಗೆಯಬೇಕು. ಹೊಸ ಮಣ್ಣನ್ನು ಅರ್ಧ ಮುಕ್ಕಾಲು ಅಡಿಯಷ್ಟೇ ಹರಡಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಓಡಿಸಬೇಕು. ಅದು ಗಟ್ಟಿಯಾಗಿ ಕೂತ ಮೇಲೆಯೇ ಇನ್ನೊಂದು ಪದರ. ಒಂದೇ ಸಲಕ್ಕೆ ಸುರಿದ ರಾಶಿ ಬೇಗ ಎತ್ತರವಾಗುತ್ತದೆ, ಬೇಗ ಕುಸಿಯುತ್ತದೆ.

ಇಷ್ಟೆಲ್ಲ ಖರ್ಚು ತಂದಿಟ್ಟ ಕಾರಣಗಳನ್ನು ಹುಡುಕಿದರೆ ಅವೆಲ್ಲ ಸಣ್ಣವೇ. ಏರಿಯ ಮೇಲೆ ಹುಟ್ಟಿದ ಜಾಲಿಯ ಸಸಿಯನ್ನು ಮೊದಲ ವರ್ಷ ಎರಡು ಬೆರಳಲ್ಲಿ ಕೀಳಬಹುದು. ಮರವಾದ ಮೇಲೆ ಕಡಿದರೂ ಸುಖವಿಲ್ಲ. ಒಳಗಿನ ಬೇರು ಕೊಳೆತ ಜಾಗವೇ ಕೊಳವೆಯಾಗಿ ನೀರು ಜಿನುಗತೊಡಗುತ್ತದೆ. ಇಲಿ, ಏಡಿಗಳ ಬಿಲವೂ ಹಾಗೆಯೇ. ಕೋಡಿಯ ಬಾಯಲ್ಲಿ ಕಸಕಡ್ಡಿ ಕಟ್ಟಿಕೊಂಡರಂತೂ ಹಸ್ತ, ಚಿತ್ತೆಯ ಮಳೆಗೆ ತುಂಬಿದ ನೀರು ಏರಿಯನ್ನೇ ಹತ್ತಿ ಹರಿಯುತ್ತದೆ. ಮಣ್ಣಿನ ಏರಿ ನೀರಿನ ಭಾರವನ್ನು ನೂರಾರು ವರ್ಷ ಹೊತ್ತೀತು, ತಲೆಯ ಮೇಲೆ ಹರಿಯುವ ನೀರನ್ನು ಒಂದು ರಾತ್ರಿಯೂ ತಾಳಲಾರದು.

ನಮ್ಮ ಹಿರಿಯರು ಇದನ್ನು ಬಲ್ಲವರು. ನಮ್ಮದು ಮಾಗಡಿ ಕೆಂಪೇಗೌಡರ ವಂಶದವರು ಆಳಿದ ಸೀಮೆ. ಕೆರೆ ಕಟ್ಟಿಸುವುದು ಇಲ್ಲಿ ಅರಸುಧರ್ಮವೇ ಆಗಿತ್ತು. ಕರ್ನಾಟಕದಲ್ಲಿ ಇಂದಿಗೂ ಸುಮಾರು 36 ಸಾವಿರ ಕೆರೆಗಳ ಲೆಕ್ಕವಿದೆ, ಹೆಚ್ಚಿನವು ಚಿಕ್ಕವು. ಅವು ಶತಮಾನ ದಾಟಿ ಬಂದಿದ್ದರೆ ಅದಕ್ಕೆ ಕಟ್ಟಿದವರಷ್ಟೇ ಕಾದವರೂ ಕಾರಣ. ಕನ್ನಡದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಅದನ್ನು ನೋಡಿಕೊಳ್ಳಲು ಬಿಟ್ಟುಕೊಟ್ಟ ಗದ್ದೆಯ ವಿವರವೂ ಸಿಗುತ್ತದೆ. ಬೆಳೆಯ ಒಂದು ಪಾಲನ್ನು ಕೆರೆಗೆಂದೇ ತೆಗೆದಿಡುವ ಬಿತ್ತುವಟ್ಟ, ಹೂಳು ಹೊರುವ ಬಂಡಿಯ ಖರ್ಚಿಗೆ ದತ್ತಿ, ಇವೆಲ್ಲ ಕಲ್ಲಿನ ಮೇಲಿನ ಮಾತು. ತೂಬು ಎತ್ತಿ ಇಳಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಊರು ಧಾನ್ಯ ಅಳೆದುಕೊಡುತ್ತಿತ್ತು. ಎಷ್ಟೋ ದಾನಶಾಸನಗಳ ಕೊನೆಗೆ ಬರುವ ಸಂಸ್ಕೃತ ಶ್ಲೋಕವೊಂದರ ತಾತ್ಪರ್ಯವಂತೂ ಇನ್ನೂ ನೇರ: ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಮೇಲು, ಕೊಟ್ಟವನಿಗೆ ಸ್ವರ್ಗ, ಕಾದವನಿಗೆ ಅದಕ್ಕೂ ಮಿಗಿಲಾದ ಅಚ್ಯುತಪದ.

ಈಗ ಕಾಮಗಾರಿಯ ಫಲಕದಲ್ಲಿ ಅಂದಾಜು ಮೊತ್ತ ಇರುತ್ತದೆ, ಉದ್ಘಾಟಿಸಿದವರ ಹೆಸರಿರುತ್ತದೆ. ಬರುವ ವರ್ಷ ಜಾಲಿ ಸಸಿ ಕೀಳುವವರು ಯಾರು ಎಂಬ ಸಾಲಿಗೆ ಅಲ್ಲಿ ಜಾಗವಿಲ್ಲ. ಆ ಸಾಲನ್ನು ಊರೇ ಬರೆದುಕೊಳ್ಳಬೇಕು. ರೋಲರ್ ಊರು ಬಿಡುವ ಮೊದಲೇ ನಾಲ್ಕು ಜನ ಕೂತು, ಮುಂಗಾರಿಗೆ ಮುಂಚೆ ಕೋಡಿ ಬಿಡಿಸುವ ದಿನ ಯಾವುದು, ಏರಿಯ ಯಾವ ಭಾಗ ಯಾವ ಕೇರಿಯವರ ಪಾಲು ಎಂದು ಗೊತ್ತು ಮಾಡಿಕೊಂಡರೆ ಖರ್ಚು ಒಂದು ಬೆಳಗಿನ ಮೈದಣಿವು ಮಾತ್ರ. ಸಂಸಾರಸ್ಥರಾದ ನಮಗೂ ಇದು ಹೊಸ ಪಾಠವಲ್ಲ. ಗೃಹಪ್ರವೇಶಕ್ಕೆ ನೂರು ಜನ ಬಂದು ಹರಸುತ್ತಾರೆ. ಮಳೆಗಾಲಕ್ಕೆ ಮೊದಲು ತಾರಸಿ ಹತ್ತಿ ನೀರಿನ ಕಿಂಡಿಯ ಎಲೆ ಬಳಿಯುವ ಒಬ್ಬರಿಂದ ಮನೆ ಉಳಿಯುತ್ತದೆ. ಅಂಥವರು ನಿಮ್ಮ ಮನೆಯಲ್ಲಿ ಯಾರೆಂದು ನಿಮಗೆ ಗೊತ್ತು. ಈ ಸಲ ಏಣಿ ನೀವು ಹತ್ತಿ.