‘ನಮ್ಮ ಹುಡುಗಿ’ ಎನ್ನುವ ಹಕ್ಕು

ಒಬ್ಬರ ಗೆಲುವನ್ನು ‘ನಮ್ಮದು’ ಎನ್ನಲು ನಮಗೆ ಯಾವ ಹಕ್ಕಿದೆ? 2025ರಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಚಿಲಿ ದೇಶದ ಹಿಮದ ಮೇಲೆ 5 ಕಿ.ಮೀ. ಸ್ಕೀ ಓಟದಲ್ಲಿ ಕಂಚು ಗೆದ್ದರು. ಅದಕ್ಕೂ ಮೊದಲು ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದರು. ಚಿಲಿಯ ಸುದ್ದಿ ಬಂದ ಮೇಲೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅವರು ‘ನಮ್ಮ ಹುಡುಗಿ’ಯಾದರು.

ಅವರದು ಇಳಿಜಾರಿನಲ್ಲಿ ಗಂಟೆಗೆ ನೂರಕ್ಕೂ ಹೆಚ್ಚು ಕಿ.ಮೀ. ವೇಗದಲ್ಲಿ ಧುಮುಕುವ ಡೌನ್‌ಹಿಲ್ ಅಲ್ಲ. ಏರು, ತಗ್ಗು, ಸಮತಟ್ಟುಗಳನ್ನೆಲ್ಲ ಸ್ವಂತ ಉಸಿರಿನಿಂದಲೇ ದಾಟಬೇಕಾದ ಕ್ರಾಸ್ ಕಂಟ್ರಿ. ಆ ಸ್ಪರ್ಧೆಯಲ್ಲಿ ಒಬ್ಬೊಬ್ಬರನ್ನೇ ಬಿಡುವುಗೊಟ್ಟು ಬಿಡುತ್ತಾರೆ. ಪಕ್ಕದಲ್ಲಿ ಎದುರಾಳಿ ಇಲ್ಲದಿರಬಹುದು, ಗಡಿಯಾರವಂತೂ ಇರುತ್ತದೆ. ಹಿಮವಿಲ್ಲದ ತಿಂಗಳುಗಳಲ್ಲಿ ಈ ಆಟದವರು ಗಾಲಿ ಕಟ್ಟಿದ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಆ ರಸ್ತೆಯ ಬದಿಯಲ್ಲಿ ‘ನಮ್ಮವರು’ ಯಾರೂ ನಿಂತಿರುವುದಿಲ್ಲ.

ಒಂದೇ ನೆಲ, ಒಂದೇ ನುಡಿ, ಅಷ್ಟು ಸಾಲದೇ ಎನ್ನಬಹುದು. ಆದರೆ ಕಾಫಿ ತೋಟದ ಸೀಮೆ ಹಿಮವನ್ನು ಕಲಿಸುವುದಿಲ್ಲ. ನೆಲ ಕೊಡದ್ದನ್ನು ಹುಡುಕಿಕೊಂಡು ಹೋದವರ ಗೆಲುವನ್ನು ನೆಲದ ಹೆಸರಿಗೆ ಬರೆದುಕೊಳ್ಳುವುದು, ಬಿತ್ತದವನು ರಾಶಿಗೆ ಬಂದು ಕೂತಂತೆ.

ನನ್ನೂರು ಡಂಬಳ. ಬಿಸಿಲಿನ ಊರು, ಎರೆಹೊಲದ ಸೀಮೆ. ಇಲ್ಲಿನ 1095ರ ಶಾಸನವೊಂದು, ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ಅದರಲ್ಲಿ ತಾರಾ ಭಗವತಿಯ ಸ್ತುತಿಯಿದೆ. ತಾರೆ ಈ ಎರೆಮಣ್ಣಿನಲ್ಲಿ ಹುಟ್ಟಿದವಳಲ್ಲ. ಆದರೂ ಅವಳು ಡಂಬಳದವಳಾದಳು, ಏಕೆಂದರೆ ಅವಳ ದೀಪದ ಎಣ್ಣೆಗೆ, ಭಿಕ್ಷುಗಳ ಊಟಕ್ಕೆ ಯಾರೋ ಹೊಣೆ ಹೊತ್ತರು. ಹೊಣೆ ಹೊರುವವರು ಇಲ್ಲವಾದ ಮೇಲೆ ಅವಳೂ ಇಲ್ಲಿ ಉಳಿಯಲಿಲ್ಲ. ನಮ್ಮದಾಗುವುದು ಹುಟ್ಟಿನಿಂದಲ್ಲ, ಪೊರೆಯುವುದರಿಂದ ಎಂದು ನನಗೆ ಅನ್ನಿಸುವುದು ಈ ಕಲ್ಲಿನ ಮುಂದೆ.

ಹಾಗಾದರೆ ದುಡ್ಡು ಕೊಟ್ಟವರಿಗಷ್ಟೇ ‘ನಮ್ಮವಳು’ ಎನ್ನುವ ಹಕ್ಕೇ? ಮಳೆ ನಂಬಿ ಬದುಕುವ ರೈತ ಸ್ಕೀ ಕೊಡಿಸಲಾರ. ನಿಜ. ಆದರೆ ಪೊರೆಯಲು ಹಣವೊಂದೇ ದಾರಿಯಲ್ಲ. ಪದಕವಿಲ್ಲದ ದಿನ, ಪಟ್ಟಿಯ ತಳದಲ್ಲಿ ಹೆಸರಿದ್ದಾಗಲೂ ‘ಹೆಂಗಾತು?’ ಎಂದು ವಿಚಾರಿಸುವುದು ಒಂದು ಹೊಣೆ. ಪಕ್ಕದ ಮನೆಯ ಹುಡುಗಿ ಕಂಡು ಕೇಳರಿಯದ ಕೆಲಸವೊಂದನ್ನು ಹಿಡಿದಾಗ ‘ಇದರಿಂದ ಏನ್ ಸಿಗತೈತಿ?’ ಎಂಬ ಪ್ರಶ್ನೆಯನ್ನು ನುಂಗಿಕೊಳ್ಳುವುದು ಇನ್ನೊಂದು.

‘ನಮ್ಮ’ ಎಂಬುದು ಹೆಮ್ಮೆಯ ಮಾತು ಎಂದುಕೊಂಡಿದ್ದೇವೆ. ಅದು ಸಾಲದ ಮಾತು. ಭವಾನಿ ಗೆದ್ದ ದಿನ ನಾವೆಲ್ಲ ಆ ಸಾಲಪತ್ರಕ್ಕೆ ಖುಷಿಯಿಂದ ರುಜು ಹಾಕಿದ್ದೇವೆ. ತೀರಿಸಬೇಕಾದದ್ದು ಬಹುಶಃ ಅವರಿಗಲ್ಲ. ಇನ್ನೂ ಏನನ್ನೂ ಗೆಲ್ಲದ, ನಮ್ಮದೇ ಓಣಿಯ ಯಾರಿಗೋ.