ಕಾಯಕಕ್ಕೆ ಸಾಕ್ಷಿ ಯಾರು

ವಾರದ ಕೆಲವು ದಿನ ಮನೆಯಿಂದಲೂ ಉಳಿದ ದಿನ ಕಚೇರಿಯಿಂದಲೂ ದುಡಿಯುವ ಪದ್ಧತಿಗೆ ಹೈಬ್ರಿಡ್ ಎಂಬ ಹೆಸರು ರೂಢಿಯಾಗಿದೆ. 2020ರ ಮಾರ್ಚ್ ತಿಂಗಳ ಕೋವಿಡ್ ಲಾಕ್‌ಡೌನ್ ಬೆಂಗಳೂರಿನ ಐಟಿ ಕಚೇರಿಗಳನ್ನು ಕೆಲವೇ ದಿನಗಳಲ್ಲಿ ಮನೆಮನೆಗೆ ಹಂಚಿದ ಮೇಲೆ, ನೌಕರರನ್ನು ಎಷ್ಟು ದಿನ ಮರಳಿ ಕರೆಸಬೇಕು ಎಂಬ ಎಣಿಕೆಯಲ್ಲೇ ಚರ್ಚೆ ಬಹುಮಟ್ಟಿಗೆ ಸಿಕ್ಕಿಕೊಂಡಿದೆ. ಈ ಎಣಿಕೆಯ ತಳದಲ್ಲಿ ಅದಕ್ಕಿಂತ ಬಹಳ ಹಳೆಯದಾದ ಪ್ರಶ್ನೆಯೊಂದಿದೆ: ಯಾರ ಕಣ್ಣಿಗೂ ಬೀಳದೆ ನಡೆಯುವ ಕೆಲಸಕ್ಕೆ ಸಾಕ್ಷಿ ಯಾರು, ಅದು ಇಷ್ಟಕ್ಕೆ ಸಾಕು ಎಂದು ಹೇಳುವವರು ಯಾರು? ದುಡಿಮೆಯನ್ನೇ ಕಾಯಕವೆಂದು ಕರೆದು ಧರ್ಮದ ನಡುವಿಗೆ ತಂದ, ಬಸವಣ್ಣ ಮೊದಲಾದ ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದ್ದರು.

ಮನೆ ಬೇರೆ, ದುಡಿಯುವ ಜಾಗ ಬೇರೆ ಎಂಬ ವಿಂಗಡಣೆ ಬೆಂಗಳೂರಿನಲ್ಲಿ ತೀರ ಹಳೆಯದಲ್ಲ. ಕಬ್ಬನ್‌ಪೇಟೆಯ ನೇಕಾರರ ಮಗ್ಗ ಮನೆಯೊಳಗೇ ಇತ್ತು. ಪೇಟೆಯ ವ್ಯಾಪಾರಿಗಳಲ್ಲಿ ಕೆಳಗೆ ಅಂಗಡಿ ಇಟ್ಟು ಮಹಡಿಯಲ್ಲಿ ಸಂಸಾರ ಹೂಡಿದವರು ಅನೇಕರು. 1884ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ಬಿನ್ನಿ ಮಿಲ್ ಎಂದೇ ಉಳಿದ ಗಿರಣಿಯಂತಹ ಕಾರ್ಖಾನೆಗಳು, ಗೊತ್ತಾದ ಹೊತ್ತಿಗೆ ಗೇಟು ದಾಟಿ ಒಳಗೆ ಹೋದವನೇ ಕೆಲಸಗಾರ ಎಂಬ ಹೊಸ ಅಳತೆಯನ್ನು ಊರಿಗೆ ಕಲಿಸಿದವು. 1898ರ ಪ್ಲೇಗು ಇಕ್ಕಟ್ಟಾದ ಪೇಟೆಗೆ ನುಗ್ಗಿದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಗಾಳಿ ಬೆಳಕಿನ ವಾಸಕ್ಕೆಂದೇ ಬೆಳೆದವು. ಒಂದು ಸಾಂಕ್ರಾಮಿಕ ಹೀಗೆ ವಸತಿಯನ್ನು ಪೇಟೆಯಿಂದ ಹೊರಗೆ ಒಯ್ದರೆ, ನೂರಿಪ್ಪತ್ತೆರಡು ವರ್ಷಗಳ ಬಳಿಕ ಇನ್ನೊಂದು ಸಾಂಕ್ರಾಮಿಕ ಅದೇ ಬಡಾವಣೆಗಳ ಮನೆಗಳೊಳಗೆ ದುಡಿಮೆಯನ್ನು ಮರಳಿ ತಂದಿತು. ಆದರೆ ಪ್ಲೇಗಿನ ಕಾಲದ ಮನೆಗಳಿಗೆ ಜಗಲಿಯಿತ್ತು. ಬೀದಿಗೂ ನಡುಮನೆಗೂ ಮಧ್ಯದ ಆ ಕಟ್ಟೆಯಲ್ಲೋ ಅದಕ್ಕೆ ತಾಗಿದ ಮುಂಗೋಣೆಯಲ್ಲೋ ವಕೀಲರು ಕಕ್ಷಿಗಾರರನ್ನು ಕೂರಿಸಿ ಮಾತು ಮುಗಿಸುತ್ತಿದ್ದರು, ವ್ಯವಹಾರ ಹೊಸಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಆ ಮನೆಗಳನ್ನು ಕೆಡವಿ ಎಬ್ಬಿಸಿದ ಅಪಾರ್ಟ್‌ಮೆಂಟುಗಳಲ್ಲಿ ಜಗಲಿಯಿಲ್ಲ. ಲ್ಯಾಪ್‌ಟಾಪು ಊಟದ ಮೇಜಿನ ಮೇಲೆ, ದೇವರ ಗೂಡಿನ ಪಕ್ಕದಲ್ಲಿ, ಮಗುವಿನ ಶಾಲೆಯ ಚೀಲಕ್ಕೆ ಒರಗಿಕೊಂಡು ತೆರೆದಿರುತ್ತದೆ. ಅದನ್ನು ಮುಚ್ಚುವ ಹೊತ್ತು ಯಾವುದೆಂದು ಹೇಳುವ ಹೊಸಿಲು ಎಲ್ಲಿಯೂ ಇಲ್ಲ.

ಶರಣರ ಚಿಂತನೆಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಪದಗಳಿಗೆ ವಿಶೇಷ ಅರ್ಥವಿದೆ. ಸ್ಥಾವರವೆಂದರೆ ನಿಂತದ್ದು, ಕಲ್ಲಿನಲ್ಲಿ ಕಟ್ಟಿದ್ದು. ಜಂಗಮವೆಂದರೆ ಚಲಿಸುವುದು, ಜೀವಂತವಾದದ್ದು. ಮೈಮೇಲೆ ಧರಿಸುವ ಇಷ್ಟಲಿಂಗ ಪೂಜೆಯನ್ನು ಗುಡಿಯ ಕಟ್ಟಡದಿಂದ ಬಿಡಿಸಿ ಅಂಗೈಗೆ ತಂದಿತು, ಇದರಿಂದ ಭಕ್ತನು ಇದ್ದ ಕಡೆಯೇ ಪೂಜೆಯ ಸ್ಥಳವಾಯಿತು. ಆದರೂ ಶರಣರು ಒಬ್ಬೊಬ್ಬರಾಗಿ ಚದುರಿ ಉಳಿಯಲಿಲ್ಲ. ಪೂಜೆಗೆ ಕಟ್ಟಡ ಬೇಡವೆಂದವರೇ ಮಾತಿಗಾಗಿ, ವಾದಕ್ಕಾಗಿ, ಒಬ್ಬರ ಅನುಭವವನ್ನು ಇನ್ನೊಬ್ಬರ ಅನುಭವಕ್ಕೆ ಉಜ್ಜಿ ನೋಡುವುದಕ್ಕಾಗಿ ಅನುಭವ ಮಂಟಪದಲ್ಲಿ ಕೂಡುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಒಬ್ಬರೇ ಮಾಡಬೇಕಾದದ್ದು ಯಾವುದು, ಕೂಡಿಯೇ ಆಗಬೇಕಾದದ್ದು ಯಾವುದು ಎಂಬ ಈ ವಿವೇಕ ಇಂದಿನ ಸಂಸ್ಥೆಗಳಿಗೆ ದಿನಗಳ ಎಣಿಕೆಗಿಂತ ಹೆಚ್ಚು ಬೇಕಾದದ್ದು.

ಕಾಯಕದ ಸಾಕ್ಷಿಯ ಪ್ರಶ್ನೆಗೆ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಯ ಕಥೆಯಷ್ಟು ಆಳವಾಗಿ ಉತ್ತರಿಸುವುದು ಅಪರೂಪ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದರಿಂದಲೇ ಅವರ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಇದು ಆಸೆಯ ಅಕ್ಕಿಯೆಂದು ತಿಳಿಹೇಳಿ, ಮೊದಲು ತೆಗೆದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಕಾಯಕ ನಡೆದದ್ದು ಅಂಗಳದಲ್ಲಿ, ಅದರ ಅಳತೆ ಆದದ್ದು ಮನೆಯಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು. ಅಂಗಳದಲ್ಲಿ ಮೇಲ್ವಿಚಾರಕರಿರಲಿಲ್ಲ, ಮಾರಯ್ಯನ ಮೇಲೆ ಕಳ್ಳತನದ ಆರೋಪವೂ ಇರಲಿಲ್ಲ. ಆದರೂ ಹೆಚ್ಚಾದದ್ದನ್ನು ಹೆಚ್ಚೆಂದು ಕಂಡ ಕಣ್ಣು ಒಂದಿತ್ತು. ಮನೆಯಿಂದ ದುಡಿಯುವವರು ಸೋಮಾರಿಗಳಾಗುತ್ತಾರೆಂಬ ಭಯ ಮಾಲೀಕರದು. ಲಕ್ಕಮ್ಮನ ಅಳತೆ ಅದಕ್ಕಿಂತ ನಿಜವಾದ ಅಪಾಯವೊಂದನ್ನು ತೋರಿಸುತ್ತದೆ: ರಾತ್ರಿ ಹನ್ನೊಂದರ ವಿಡಿಯೊ ಕರೆ, ಭಾನುವಾರದ ಮೇಲ್, ಒಲೆಯ ಮೇಲೆ ಕುಕ್ಕರ್ ಕೂಗುತ್ತಿರುವಾಗ ಕಿವಿಗೆ ಸಿಕ್ಕಿಸಿದ ಹೆಡ್‌ಫೋನ್ ಇವೆಲ್ಲವೂ ಹಿಂದಿರುಗಿಸಬೇಕಾದ ಹೆಚ್ಚಿನ ಅಕ್ಕಿಯೇ. ಮನೆಗೆಲಸವೂ ಹೆಗಲ ಮೇಲಿರುವ ಹೆಂಗಸರಿಗೆ ಈ ಹೆಚ್ಚಳ ಇಮ್ಮಡಿ. ಇಲ್ಲಿ ಸಂಸ್ಥೆಗೂ ನೇರವಾದ ಹೊಣೆಯಿದೆ, ಏಕೆಂದರೆ ಮಾರಯ್ಯ ತನ್ನ ಕಾಯಕಕ್ಕೆ ತಾನೇ ಒಡೆಯ. ಸಂಬಳದ ನೌಕರ ಅಷ್ಟು ಸ್ವತಂತ್ರನಲ್ಲ, ಸಾಕು ಎನ್ನುವ ಅಧಿಕಾರವನ್ನು ಅವನಿಗೆ ನಿಯಮದ ಮೂಲಕವೇ ಕೊಡಬೇಕಾಗುತ್ತದೆ.

ಮಾಲೀಕರಿಗೂ ನೌಕರರಿಗೂ ನಡುವಿನ ನಂಬಿಕೆಯ ಬಿರುಕು ಎಷ್ಟು ದೊಡ್ಡದೆಂಬುದನ್ನು 2022ರಲ್ಲಿ ಮೈಕ್ರೊಸಾಫ್ಟ್ ಪ್ರಕಟಿಸಿದ ಸಮೀಕ್ಷೆ ತೋರಿಸಿತು: ತಾವು ಫಲಪ್ರದವಾಗಿ ದುಡಿಯುತ್ತಿದ್ದೇವೆಂದು ಶೇ. 87ರಷ್ಟು ನೌಕರರು ಹೇಳಿದರೆ, ಹೈಬ್ರಿಡ್ ಪದ್ಧತಿಯಲ್ಲಿ ಅದನ್ನು ನಂಬುವುದು ಕಷ್ಟವಾಗಿದೆಯೆಂದು ಶೇ. 85ರಷ್ಟು ಮುಖ್ಯಸ್ಥರು ಹೇಳಿದರು. ಕಣ್ಣಿಗೆ ಕಾಣದ್ದು ನಡೆದೇ ಇಲ್ಲವೆಂಬ ಸಂಶಯದಿಂದಲೇ ಕೀಲಿಮಣೆಯ ಬಡಿತ ಎಣಿಸುವ ತಂತ್ರಾಂಶಗಳ ಬಳಕೆ ಹಬ್ಬಿತು. ಆದರೆ ಚೀನಾದ ಟ್ರಿಪ್.ಕಾಮ್ ಸಂಸ್ಥೆಯ 1,612 ನೌಕರರ ಮೇಲೆ ಆರು ತಿಂಗಳು ನಡೆದು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಬೇರೆಯದನ್ನೇ ಕಂಡುಕೊಂಡಿತು: ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸದ ಗುಣಮಟ್ಟವಾಗಲಿ ಬಡ್ತಿಯಾಗಲಿ ಕುಗ್ಗಲಿಲ್ಲ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿಯಿತು. ಪ್ರಯೋಗಕ್ಕೆ ಮೊದಲು ನಷ್ಟವನ್ನೇ ನಿರೀಕ್ಷಿಸಿದ್ದ ವ್ಯವಸ್ಥಾಪಕರ ಅಭಿಪ್ರಾಯವೂ ಕೊನೆಗೆ ಬದಲಾಯಿತು.

ಹಾಗಾದರೆ ಕಚೇರಿಗೆ ಬರುವ ದಿನ ಏತಕ್ಕೆ? ಮಲ್ಲೇಶ್ವರದವರು ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ, ಗಾಂಧಿನಗರದ ಮೆಜೆಸ್ಟಿಕ್ ನಿಲ್ದಾಣದಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಿಸಿಕೊಳ್ಳಲು ಎಸ್ಕಲೇಟರಿನ ಸಾಲಿನಲ್ಲಿ ನಿಂತು, ನಗರದ ಇನ್ನೊಂದು ತುದಿಯ ವೈಟ್‌ಫೀಲ್ಡ್ ತಲುಪಿ, ಅಲ್ಲಿ ಮನೆಯಲ್ಲಿ ಮಾಡಬಹುದಾದ ಅದೇ ವಿಡಿಯೊ ಕರೆಗೆ ಕೂತರೆ ಆ ದಿನ ಸ್ಥಾವರಕ್ಕೆ ಸಲ್ಲಿಸಿದ ಕಪ್ಪವಾಗುತ್ತದೆ. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿರುವ, ಸಾಹಿತಿ ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇಲ್ಲಿ ಒಳ್ಳೆಯ ಮಾದರಿ. ಓದು, ಬರಹ ಏಕಾಂತದಲ್ಲಿ ನಡೆಯಬಲ್ಲವು. ಆದರೆ ಓದಿದ್ದನ್ನು ಹತ್ತು ಮಂದಿಯ ಮುಂದಿಟ್ಟು ಪರೀಕ್ಷೆಗೆ ಒಡ್ಡಲು ಅಧ್ಯಯನ ಗೋಷ್ಠಿ ಬೇಕು ಎಂಬ ತಿಳಿವಳಿಕೆ ಅಂತಹ ಸಂಸ್ಥೆಗಳ ಬುನಾದಿ. ಹೊಸದಾಗಿ ಸೇರಿದ ಹುಡುಗನಿಗೆ ಪಕ್ಕದಲ್ಲಿ ಕೂತು ಕಲಿಸುವುದು, ಭಿನ್ನಾಭಿಪ್ರಾಯವನ್ನು ಮುಖ ನೋಡಿ ಬಿಡಿಸಿಕೊಳ್ಳುವುದು, ಕೆಟ್ಟುಹೋದ ಕೆಲಸವನ್ನು ನಾಲ್ಕು ಜನ ಒಟ್ಟಿಗೆ ನಿಂತು ಸರಿಪಡಿಸುವುದು ಮಂಟಪದ ಕೆಲಸಗಳು. ಇಡೀ ತಂಡ ಒಂದೇ ದಿನ ಬಂದರೆ ಮಾತ್ರ ಇವು ಆಗುತ್ತವೆ.

ಉಳಿದಿರುವುದು ದಾಸೋಹದ ಪ್ರಶ್ನೆ. ದಾಸೋಹವೆಂದರೆ ದುಡಿಮೆಯ ಫಲ ದುಡಿದವನಲ್ಲೇ ನಿಲ್ಲದೆ ಸಮುದಾಯಕ್ಕೆ ಸಲ್ಲುವುದು. ಎಲ್ಲ ಕಾಯಕಗಳೂ ಸಮ ಎಂದ ಚಿಂತನೆಯ ಮುಂದೆ, ಕಂಪ್ಯೂಟರಿನ ಮುಂದೆ ಕೂರುವವರಿಗೆ ಮಾತ್ರ ಒದಗುವ, ಮನೆಯಿಂದ ದುಡಿಯುವ ಈ ಸೌಲಭ್ಯ ತಲೆಯೆತ್ತಿ ನಿಲ್ಲುವುದು ಸುಲಭವಲ್ಲ. ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರು ಮನೆಯಿಂದ ವ್ಯಾಪಾರ ಮಾಡಲಾರರು. ಕಚೇರಿ ವಾರಕ್ಕೆ ಎರಡು ದಿನ ಖಾಲಿಯಾದರೆ ಅದರ ನೆಲ ಒರೆಸುವವರು, ಕ್ಯಾಂಟೀನಿನಲ್ಲಿ ಬಡಿಸುವವರು, ಕ್ಯಾಬ್ ಓಡಿಸುವವರು ಗುತ್ತಿಗೆಯ ಆಳುಗಳಾಗಿರುವುದರಿಂದ ಆ ಎರಡು ದಿನದ ಕೂಲಿ ಕಳೆದುಕೊಳ್ಳುವ ಅಪಾಯವಿದೆ. ಸಂಸ್ಥೆ ಉಳಿಸಿದ ಬಾಡಿಗೆ ಮತ್ತು ವಿದ್ಯುತ್ತಿನ ಹಣದಲ್ಲಿ ಒಂದು ಪಾಲು ಅವರಿಗೆ ಸಲ್ಲಬೇಕು. ಮಾರಯ್ಯ ಹಿಂದಕ್ಕೆ ಒಯ್ದ ಅಕ್ಕಿಯೂ ನಿತ್ಯ ದಾಸೋಹ ನಡೆಯುತ್ತಿದ್ದ ಮಹಾಮನೆಯ ಅಂಗಳಕ್ಕೇ ಮರಳಿತ್ತು.