ಬಗ್ಗದ ಮೈಯೂ ಯೋಗಾಧಿಕಾರವೂ

ಯಾವುದೇ ಶಾಸ್ತ್ರವನ್ನು ಆರಂಭಿಸುವುದಕ್ಕೆ ಮುಂಚೆ ನಮ್ಮ ಹಿಂದಿನವರು ಕೇಳಿಕೊಳ್ಳುತ್ತಿದ್ದ ಮೊದಲನೆಯ ಪ್ರಶ್ನೆ ಅಧಿಕಾರಿ ಯಾರು ಎಂಬುದು. ಈ ವಿದ್ಯೆಗೆ ಯಾರು ಅರ್ಹರು, ಎಂತಹ ಸಿದ್ಧತೆಯಿಂದ ಬಂದವನಿಗೆ ಇದು ಫಲಿಸೀತು ಎಂಬುದನ್ನು ನಿರ್ಣಯಿಸದೆ ಅವರು ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಗುರುಕುಲಗಳು ಹೋದರೂ ಆ ಪ್ರಶ್ನೆ ಹೋಗಿಲ್ಲ. ಐವತ್ತು ದಾಟಿದ ಗೃಹಸ್ಥನೊಬ್ಬ ನಸುಕಿನಲ್ಲೆದ್ದು, ನಡುಮನೆಯಲ್ಲಿ ಜಮಖಾನ ಹಾಸಿ, ಕಾಲು ನೀಡಿ ಕುಳಿತು, ಕಾಲ್ಬೆರಳನ್ನು ಹಿಡಿಯಲೆಂದು ಮುಂದಕ್ಕೆ ಬಾಗಿ, ಮಂಡಿಯಿಂದ ನಾಲ್ಕು ಅಂಗುಲ ಕೆಳಗೆ ಬರುವಷ್ಟರಲ್ಲಿಯೇ ಕೈ ತಡೆದು ನಿಂತಾಗ, ಅದೇ ಪ್ರಶ್ನೆ ವೇದಾಂತಿಗಳ ಗೋಷ್ಠಿಯಲ್ಲಿದ್ದುದಕ್ಕಿಂತಲೂ ನಿಷ್ಠುರವಾಗಿ ಅವನನ್ನು ಎದುರಿಸುತ್ತದೆ.

ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಸೊಂಟ ಹಿಡಿದುಕೊಂಡಿತೆಂದು ವೈದ್ಯರಲ್ಲಿಗೆ ಹೋಗಿ, ಮನೆಯಲ್ಲಿಯೇ ಸ್ವಲ್ಪ ಮೃದುವಾದ ಯೋಗಾಭ್ಯಾಸ ಮಾಡಿರೆಂಬ ಸಲಹೆಯನ್ನು ಪಡೆದು ಬಂದವರು, ಕೆಲವು ದಿನ ಕಳೆಯುವುದರೊಳಗೆ ನನ್ನಲ್ಲಿ ದೂರು ತಂದರು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಸ್ವಾಮಿ? ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮೂವತ್ತು ವರ್ಷ ಹುಡುಗರನ್ನು ಪೀಡಿಸಿದೆ, ಈಗ ಅದು ಬಂದು ನನ್ನ ಸೊಂಟದಲ್ಲಿಯೇ ಕೂತಿದೆ” ಎಂದರು. ಹಾಸ್ಯದ ಮಾತಾದರೂ ಅದರೊಳಗೆ ಎರಡು ಶಂಕೆಗಳಿದ್ದುವು. ಬಾಗದ ದೇಹವುಳ್ಳವನಿಗೆ ಯೋಗದಲ್ಲಿ ಪ್ರವೇಶವೇ ಇಲ್ಲವೇನೋ ಎಂಬುದು ಒಂದು. ಅವನಿಗೆಂದು ಹೇಳಿಕೊಡುವ ಮೃದುವಾದ ಅಭ್ಯಾಸವು ನಿಜವಾದ ಯೋಗವಲ್ಲದೆ, ವಯಸ್ಸಾದವರ ಸಮಾಧಾನಕ್ಕಾಗಿ ಕಲ್ಪಿಸಿದ ಒಂದು ರಿಯಾಯಿತಿಯೇನೋ ಎಂಬುದು ಇನ್ನೊಂದು. ಎರಡನೆಯದೇ ನನಗೆ ಹೆಚ್ಚು ವಿಚಾರಾರ್ಹವೆಂದು ತೋರುತ್ತದೆ. ಏಕೆಂದರೆ ಮೊದಲನೆಯದಕ್ಕೆ ಶಾಸ್ತ್ರವೇ ಬಹು ಸುಲಭವಾಗಿ ಉತ್ತರ ಕೊಟ್ಟುಬಿಡುತ್ತದೆ.

ಪತಂಜಲಿಯ ಯೋಗಸೂತ್ರಗಳ ಸಂಖ್ಯೆ 195. ಕೆಲವು ಪಾಠಗಳಲ್ಲಿ 196. ಇವುಗಳಲ್ಲಿ ಆಸನಕ್ಕೆ ಮೀಸಲಾದುವು ಎರಡನೆಯ ಪಾದದ ಮೂರೇ ಮೂರು ಸೂತ್ರಗಳು. ಅವು ಹೇಳುವುದಾದರೂ ಏನು? ಕುಳಿತ ಭಂಗಿ ಅಲುಗದಿರಬೇಕು, ಹಿತವಾಗಿಯೂ ಇರಬೇಕು. ಪ್ರಯತ್ನವನ್ನು ಸಡಿಲಿಸಿ ಅನಂತನಲ್ಲಿ ಮನಸ್ಸನ್ನು ನೆಲೆಗೊಳಿಸುವುದರಿಂದ ಅದು ಕೈಗೂಡುತ್ತದೆ. ಕೈಗೂಡಿದ ಬಳಿಕ ಶೀತೋಷ್ಣಾದಿ ದ್ವಂದ್ವಗಳ ಬಾಧೆ ತಟ್ಟುವುದಿಲ್ಲ. ಇಷ್ಟೇ. ಹಣೆ ಮಂಡಿಗೆ ತಾಗಬೇಕೆಂದಾಗಲಿ, ಹಿಮ್ಮಡಿ ಕತ್ತನ್ನು ಸುತ್ತಬೇಕೆಂದಾಗಲಿ ಸೂತ್ರಕಾರನು ಎಲ್ಲಿಯೂ ವಿಧಿಸಿಲ್ಲ. ಯೋಗಕ್ಕೆ ಅಡ್ಡ ಬರುವ ಒಂಬತ್ತು ಅಂತರಾಯಗಳನ್ನು ಮೊದಲನೆಯ ಪಾದದಲ್ಲಿ ಎಣಿಸುವಾಗ ಅವನು ವ್ಯಾಧಿಯನ್ನು ಹೇಳಿದ್ದಾನೆ, ಸಂಶಯವನ್ನು ಹೇಳಿದ್ದಾನೆ, ಪ್ರಮಾದವನ್ನೂ ಆಲಸ್ಯವನ್ನೂ ಹೇಳಿದ್ದಾನೆ. ಮೈಯ ಬಿಗಿತ ಆ ಪಟ್ಟಿಯಲ್ಲಿಲ್ಲ. ನಮ್ಮ ಉಪಾಧ್ಯಾಯರ ತೊಡಕು ಅವರ ಸೊಂಟಕ್ಕಿಂತ ಹೆಚ್ಚಾಗಿ ಆ ಪಟ್ಟಿಯಲ್ಲಿ ಮೂರನೆಯದಾದ ಸಂಶಯದಲ್ಲಿದ್ದಿತು. ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯುವಕನಿರಲಿ, ವೃದ್ಧನಿರಲಿ, ಅತಿವೃದ್ಧನಿರಲಿ, ರೋಗಿಯೂ ದುರ್ಬಲನೂ ಇರಲಿ, ಬೇಸರವಿಲ್ಲದೆ ಅಭ್ಯಾಸ ಮಾಡಿದವನಿಗೆ ಸಿದ್ಧಿಯುಂಟೆಂದು ಸ್ಪಷ್ಟವಾಗಿ ಘೋಷಿಸುತ್ತದೆ.

ಆಸನವಾದರೂ ಏಕೆ ಬೇಕು ಎಂದರೆ, ಅದಕ್ಕೆ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ನಾಲ್ಕನೆಯ ಅಧ್ಯಾಯದಲ್ಲಿ ಕೊಡುವ ಕಾರಣ ಬಹು ಲೌಕಿಕವಾದುದು. ನಡೆಯುವವನ ಚಿತ್ತ ಚೆದರುತ್ತದೆ. ನಿಂತವನ ಮನಸ್ಸು ಮೈಯನ್ನು ಎತ್ತಿ ಹಿಡಿಯುವುದರಲ್ಲಿಯೇ ವ್ಯಗ್ರವಾಗಿರುತ್ತದೆ. ಮಲಗಿದವನನ್ನು ನಿದ್ರೆ ಹಠಾತ್ತಾಗಿ ಹಿಡಿದುಕೊಳ್ಳುತ್ತದೆ. ಆದುದರಿಂದ ಕುಳಿತೇ ಉಪಾಸನೆ ಮಾಡತಕ್ಕದ್ದು. ಸ್ಥಳದ ವಿಷಯದಲ್ಲಿಯೂ, ಮನಸ್ಸು ಎಲ್ಲಿ ಏಕಾಗ್ರವಾದೀತೋ ಅಲ್ಲಿಯೇ ಆಗಬಹುದೆಂಬುದು ಅಲ್ಲಿಯ ನಿರ್ಣಯ. ಹಿಮಾಲಯವೂ ಬೇಡ, ಆಶ್ರಮವೂ ಬೇಡ. ಪಕ್ಕದ ಮನೆಯ ಕುಕ್ಕರಿನ ಸಿಳ್ಳೆಯನ್ನು ಸಹಿಸಿಕೊಳ್ಳುವ ಶಕ್ತಿಯಿದ್ದರೆ ನಡುಮನೆಯೇ ಸಾಕು.

ಆದರೆ ಈ ನೆಮ್ಮದಿಯ ಕುಳಿತಿರುವಿಕೆಯೇ ಬಿಗಿದ ಮೈಯವನಿಗೆ ಅಸಾಧ್ಯವಾಗಿರುವಾಗ ಮಾಡುವುದೇನು? ಚಕ್ಕಳಮಕ್ಕಳ ಹಾಕಿ ಕುಳಿತ ಎರಡೇ ನಿಮಿಷಕ್ಕೆ ಮಂಡಿಗಳು ಮೇಲೇಳುತ್ತವೆ, ಬೆನ್ನು ಗೂನಾಗುತ್ತದೆ, ಪಾದ ಜೋಮು ಹಿಡಿಯುತ್ತದೆ. ಇಲ್ಲಿ ಯೋಗಸೂತ್ರಗಳ ಮೇಲಣ ವ್ಯಾಸಭಾಷ್ಯದ ಒಂದು ಮಾತು, ನಮ್ಮ ಕಾಲದ ಶಿಕ್ಷಕರಲ್ಲಿ ಹಲವರು ಗಮನಿಸದೆ ಹೋದುದು, ಬಹು ದೊಡ್ಡ ಉಪಕಾರ ಮಾಡುತ್ತದೆ. ಪದ್ಮಾಸನ, ವೀರಾಸನ, ಸ್ವಸ್ತಿಕ, ದಂಡಾಸನ ಮುಂತಾಗಿ ಹತ್ತು ಹನ್ನೆರಡು ಆಸನಗಳನ್ನು ಹೆಸರಿಸುತ್ತ ಭಾಷ್ಯಕಾರನು ಅವುಗಳ ನಡುವೆ ಸೋಪಾಶ್ರಯವೆಂಬ ಒಂದನ್ನು ಸೇರಿಸುತ್ತಾನೆ. ಎಂದರೆ ಆಸರೆಯನ್ನಿಟ್ಟುಕೊಂಡು ಕೂರುವುದು. ಯೋಗಪಟ್ಟವನ್ನು ಕಟ್ಟಿಕೊಂಡು ಕೂರುವುದೆಂದು ವಾಚಸ್ಪತಿಮಿಶ್ರನು ಅದನ್ನು ವಿವರಿಸಿದ್ದಾನೆ. ಪದ್ಮಾಸನದ ಪಂಕ್ತಿಯಲ್ಲಿಯೇ ಆಸರೆಯ ಆಸನಕ್ಕೂ ಎಲೆ ಹಾಕಿದ್ದಾರೆ. ಹೊರಗಿನ ಜಗಲಿಯಲ್ಲಿ ಕೂರಿಸಿಲ್ಲ. ಇನ್ನೂ ಪ್ರಮಾಣ ಬೇಕೆನ್ನುವವರು ಮೇಲುಕೋಟೆಯ ಬೆಟ್ಟದ ಮೇಲಣ ಯೋಗನರಸಿಂಹಸ್ವಾಮಿಯನ್ನು ನೆನೆಯಬಹುದು. ಹಿರಣ್ಯಕಶಿಪುವಿನ ಸಂಹಾರಮೂರ್ತಿಯೇ ಯೋಗಸ್ಥನಾಗಿ ಕುಳಿತಾಗ, ಎತ್ತಿದ ಮಂಡಿಗಳನ್ನು ಒಂದು ಪಟ್ಟಿಯಿಂದ ಬಿಗಿದುಕೊಂಡಿರುವಂತೆ ನಮ್ಮ ಶಿಲ್ಪಿಗಳು ಕಡೆದಿದ್ದಾರೆ. ಸಾಕ್ಷಾತ್ ನರಸಿಂಹನಿಗೆ ಒದಗಿದ ಪಟ್ಟಿ ನಮಗೆ ಅವಮಾನಕರವಾಗುವುದುಂಟೆ?

ಹಾಗಾದರೆ ಯೋಗವೆಂದರೆ ಮೈಯನ್ನು ಬಿಲ್ಲಿನಂತೆ ಬಾಗಿಸುವುದೆಂಬ ಕಲ್ಪನೆ ಎಲ್ಲಿಂದ ಬಂದಿತು? ಬಹುಮಟ್ಟಿಗೆ ಅದು ನಮ್ಮ ಮೈಸೂರಿನಿಂದಲೇ ಲೋಕಕ್ಕೆ ಹರಡಿತೆಂದರೆ ತಪ್ಪಾಗಲಾರದು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸಿದರು. ಕನ್ನಡದಲ್ಲಿಯೇ ‘ಯೋಗಮಕರಂದ’ವೆಂಬ ಗ್ರಂಥವನ್ನು ಬರೆದರು. ಶಾಲೆಯ ಹುಡುಗರು ಸಭಿಕರ ಮುಂದೆ ಒಂದಾದಮೇಲೊಂದು ಕಠಿನವಾದ ಆಸನಗಳನ್ನು ಹಾಕಿ ತೋರಿಸುತ್ತಿದ್ದರು. ಬಾಲಕರ ಮೈಗೆ ಒಪ್ಪಿದ ಆ ಪ್ರದರ್ಶನದ ಚಿತ್ರವೇ ನೋಡಿದವರ ಮನಸ್ಸಿನಲ್ಲಿ ನಿಂತುಬಿಟ್ಟಿತು. ಅದೇ ಆಚಾರ್ಯರು ಮುಂದೆ ಮದರಾಸಿನಲ್ಲಿ ನೆಲಸಿ, ಒಬ್ಬೊಬ್ಬರ ವಯಸ್ಸು, ಶಕ್ತಿ, ರೋಗಗಳನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕಲಿಸಿದರೆಂಬುದು ಅಷ್ಟಾಗಿ ಪ್ರಚಾರವಾಗಲಿಲ್ಲ. ಅವರ ಶಿಷ್ಯರೂ ಭಾವಮೈದುನರೂ ಆದ ಬಿ.ಕೆ.ಎಸ್. ಅಯ್ಯಂಗಾರ್ಯರು ಕೋಲಾರದ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಕ್ಷಯ, ಮಲೇರಿಯಾ, ವಿಷಮಶೀತಜ್ವರಗಳಿಂದ ಸೊರಗಿದ ದೇಹವನ್ನು ಹೊತ್ತು ಹದಿಹರೆಯದಲ್ಲಿ ಮೈಸೂರಿಗೆ ಬಂದವರು. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿ, ದಿಂಬುಗಳನ್ನು ಆಸನಾಭ್ಯಾಸದ ಸಾಮಗ್ರಿಗಳನ್ನಾಗಿ ಮಾಡಿ ಜಗತ್ತಿಗೆ ಕೊಟ್ಟವರು, ಮೈ ಹುಟ್ಟಿನಿಂದಲೇ ಮಣಿದಿದ್ದ ಭಾಗ್ಯಶಾಲಿಯಲ್ಲ, ಈ ರೋಗಿಷ್ಠ ಬಾಲಕ.

ಇನ್ನು ಎರಡನೆಯ ಶಂಕೆ. ಮೃದುವಾದ ಅಭ್ಯಾಸದಲ್ಲಿ ತಪಸ್ಸೆಲ್ಲಿ? ನೋವಿಲ್ಲದೆ ಸಾಧನೆಯುಂಟೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಪತಂಜಲಿ ತಪಸ್ಸನ್ನು ನಿಯಮಗಳಲ್ಲಿ ಒಂದೆಂದು ಎಣಿಸಿದ್ದಾನೆ. ಕ್ರಿಯಾಯೋಗದ ಮೊದಲನೆಯ ಅಂಗವೇ ತಪಸ್ಸು. ಆದರೆ ಚಿತ್ತದ ಪ್ರಸನ್ನತೆಗೆ ಬಾಧೆ ಬಾರದಷ್ಟರ ಮಟ್ಟಿಗೆ ಮಾತ್ರ ಅದನ್ನು ಆಚರಿಸತಕ್ಕದ್ದೆಂದು ಅಲ್ಲಿಯ ಭಾಷ್ಯವೇ ಮಿತಿಯನ್ನು ಹಾಕಿಬಿಟ್ಟಿದೆ. ಶರೀರದಲ್ಲಿರುವ ಭೂತಗಳನ್ನು ಹಿಂಸಿಸಿ ಮಾಡುವ ಘೋರತಪಸ್ಸನ್ನು ಗೀತೆಯ ಹದಿನೇಳನೆಯ ಅಧ್ಯಾಯ ಆಸುರವೆಂದು ಖಂಡಿಸುತ್ತದೆ. ಹಠವೆಂಬ ಹೆಸರನ್ನೇ ಹೊತ್ತ ಪ್ರದೀಪಿಕೆಯೂ ಯೋಗವನ್ನು ಕೆಡಿಸುವ ಆರು ದೋಷಗಳಲ್ಲಿ ಅತ್ಯಾಹಾರದ ಮಗ್ಗುಲಲ್ಲಿಯೇ ಅತಿಯಾದ ಪ್ರಯಾಸವನ್ನು ಇಟ್ಟಿದೆ. ಹೊಟ್ಟೆಬಾಕನೂ ಮೈ ಹಿಂಡಿಕೊಳ್ಳುವವನೂ ಅದರ ದೃಷ್ಟಿಯಲ್ಲಿ ಒಂದೇ ತಪ್ಪಿನ ಭಾಗಿಗಳು.

ಅಷ್ಟಾಂಗಗಳ ಕ್ರಮವನ್ನು ಗಮನಿಸಿದರೆ ಈ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. ಆಸನ ಮೂರನೆಯ ಅಂಗ. ಅದಕ್ಕೆ ಮುಂಚಿನದು ಯಮನಿಯಮ. ಯಮಗಳಲ್ಲಿ ಮೊದಲನೆಯದು ಅಹಿಂಸೆ. ಪರರ ಮೇಲೆ ಕೈಯೆತ್ತದವನು ತನ್ನ ಮಂಡಿಯನ್ನು ಎರಡು ಕೈಯಿಂದ ನೆಲಕ್ಕೆ ಅದುಮುವಾಗ, ಅಲ್ಲಿ ನೋಯುತ್ತಿರುವುದೂ ಒಂದು ಪ್ರಾಣವೇ ಎಂಬುದನ್ನು ಮರೆತಿರುತ್ತಾನೆ. ಅಹಿಂಸೆಯ ಬೆನ್ನಿಗೇ ಬರುವುದು ಸತ್ಯ. ಪಶ್ಚಿಮೋತ್ತಾನಾಸನದಲ್ಲಿ ಸೊಂಟದಿಂದ ಬಾಗಲಾರದವನು ಬೆನ್ನನ್ನು ಗೂನು ಮಾಡಿ, ಕತ್ತನ್ನು ಕೆಳಗೆ ತುರುಕಿ, ಹಣೆಯನ್ನು ಹೇಗೋ ಮಂಡಿಯ ಹತ್ತಿರಕ್ಕೆ ಒಯ್ದು ಸಾಧಿಸಿದೆನೆಂದುಕೊಳ್ಳುತ್ತಾನೆ. ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ತನಗೆ ತಾನೇ ಹೇಳಿಕೊಳ್ಳುವ ಇಂತಹ ಸುಳ್ಳು ಬೇರೊಂದಿರಲಾರದು. ನಾಲ್ಕು ಅಂಗುಲವೇ ನನ್ನ ಇಂದಿನ ಎಲ್ಲೆ ಎಂದು ಒಪ್ಪಿ ಅಲ್ಲಿ ನಿಂತವನು ಭಂಗಿಯಲ್ಲಿ ಹಿಂದಿರಬಹುದು, ಯಮದಲ್ಲಿ ಮುಂದಿದ್ದಾನೆ. ನನ್ನ ಅಭಿಪ್ರಾಯದಲ್ಲಿ ಮೃದುತ್ವವು ರಿಯಾಯಿತಿಯಲ್ಲ, ಲಕ್ಷಣ. ಹಿತವಿಲ್ಲದ ಆಸನ ಪತಂಜಲಿಯ ಪ್ರಕಾರ ಆಸನವೇ ಅಲ್ಲ.

ಮೃದುತ್ವವೆಂದರೆ ಸೋಮಾರಿತನವೆಂದು ತಿಳಿಯಬಾರದು, ಅದು ಬೇರೆ ಮಾತು. ಆಲಸ್ಯವೂ ಅಂತರಾಯಗಳ ಪಟ್ಟಿಯಲ್ಲಿದೆಯಷ್ಟೆ. ಕಾಠಿನ್ಯವನ್ನು ಶಾಸ್ತ್ರ ಅಪೇಕ್ಷಿಸುವುದು ಭಂಗಿಯಲ್ಲಲ್ಲ, ನೈರಂತರ್ಯದಲ್ಲಿ. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ್ದು ಮಾತ್ರ ಅಭ್ಯಾಸವೆನಿಸಿಕೊಳ್ಳುತ್ತದೆ. ಕಾಲು ಗಂಟೆಯ ಸುಲಭವಾದ ಅಭ್ಯಾಸಕ್ಕಾಗಿ ಪ್ರತಿದಿನವೂ ಹಾಸಿಗೆಯಿಂದ ಏಳುವುದೇ ಅನೇಕರಿಗೆ ಶೀರ್ಷಾಸನಕ್ಕಿಂತ ದೊಡ್ಡ ತಪಸ್ಸು.

ಉಪಾಧ್ಯಾಯರ ಮನೆಯಲ್ಲಿ ಅನಂತರ ನಡೆದುದನ್ನು ನಾನು ನೋಡಿದ್ದೇನೆ. ಒಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಅಂಚಿನ ಮೇಲೆ ಅವರನ್ನು ಕೂರಿಸಿದಾಗ, ಅಲ್ಲಿಯವರೆಗೆ ಹಿಂದಕ್ಕೆ ಕುಸಿಯುತ್ತಿದ್ದ ಸೊಂಟ ತಾನಾಗಿ ನೆಟ್ಟಗಾಯಿತು. ನೀಡಿದ ಕಾಲುಗಳ ಮಂಡಿಗಳು ಸ್ವಲ್ಪ ಮಡಿಸಿಯೇ ಇದ್ದುವು. ಇರಲಿ ಎಂದರು ಹೇಳಿಕೊಡಲು ಬಂದವರು. ಹೆಗಲ ಮೇಲಿದ್ದ ಟವೆಲನ್ನೇ ಎರಡು ಅಂಗಾಲುಗಳಿಗೆ ಸುತ್ತಿ, ಅದರ ತುದಿಗಳನ್ನು ಕೈಗೆ ಕೊಟ್ಟು, “ಎಳೆಯಬೇಡಿ, ಮೇಷ್ಟ್ರೇ, ಸುಮ್ಮನೆ ಹಿಡಿದುಕೊಳ್ಳಿ, ಉಸಿರು ನಿಧಾನವಾಗಿ ಬಿಡಿ” ಎಂದರು. ಉಸಿರನ್ನು ಬಿಡುತ್ತಿದ್ದಂತೆ ಹಿಂದೊಡೆಯಲ್ಲಿ ನಡುಗುತ್ತಿದ್ದ ನರವೊಂದು ನಿಂತಿತು, ಬೆನ್ನು ತಾನಾಗಿ ಒಂದು ಬೆರಳಿನಷ್ಟು ಮುಂದೆ ಬಂದಿತು. ಇದರಲ್ಲಿ ಪವಾಡವೇನೂ ಇಲ್ಲ. ಸ್ನಾಯುವನ್ನು ಹಠಾತ್ತಾಗಿ ಎಳೆದರೆ, ಹರಿದೀತೆಂಬ ಎಚ್ಚರದಿಂದ, ಅದರೊಳಗಿನ ಸೂಕ್ಷ್ಮ ತಂತುಗಳು ಬೆನ್ನುಹುರಿಗೆ ಸುದ್ದಿ ಕಳುಹಿಸಿ, ಮರುಕ್ಷಣವೇ ಅದನ್ನು ಬಿಗಿಯಾಗಿಸುತ್ತವೆ. ನಿಧಾನವಾಗಿ ನೀಡಿ ಹಿಡಿದರೆ ಆ ಎಚ್ಚರಿಕೆ ಇಳಿದು ಸ್ನಾಯು ಸಡಿಲುತ್ತದೆ. ಪ್ರಯತ್ನವನ್ನು ಸಡಿಲಿಸೆಂದ ಸೂತ್ರಕಾರನಿಗೂ ಇಂದಿನ ಶರೀರಶಾಸ್ತ್ರಜ್ಞನಿಗೂ ಈ ಒಂದು ವಿಷಯದಲ್ಲಿ ಜಗಳವಿಲ್ಲ. ಮೇಷ್ಟರು ಕಣ್ಣು ತೆರೆದು, “ಇಷ್ಟೇನಾ?” ಎಂದರು, ಇಷ್ಟೇ, ನಾಳೆಯೂ ಇಷ್ಟೇ ಎಂಬ ಉತ್ತರ ಬಂದಿತು.

ಮೈ ಮಣಿಯುವುದೇ ಗುರಿಯೆಂದುಕೊಂಡವರಿಗೆ ಕನ್ನಡನಾಡು ಬಹು ಹಿಂದೆಯೇ ಒಂದು ಕಥೆಯನ್ನು ಹೇಳಿಟ್ಟಿದೆ. ಶೂನ್ಯಸಂಪಾದನೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಬರುವ ಗೋರಕ್ಷನು ಕಾಯಸಿದ್ಧಿಯನ್ನು ಪಡೆದ ಮಹಾಯೋಗಿ. ಅಲ್ಲಮಪ್ರಭುವಿನ ಕೈಗೆ ಕತ್ತಿಯನ್ನು ಕೊಟ್ಟು ತನ್ನನ್ನು ಕಡಿಯೆನ್ನುತ್ತಾನೆ. ಪ್ರಭು ಬೀಸಿದ ಕತ್ತಿ ಗೋರಕ್ಷನ ವಜ್ರಕಾಯಕ್ಕೆ ತಾಗಿ ಖಣಿಲೆನ್ನುತ್ತದೆ, ಒಂದು ರೋಮವೂ ಕೊಂಕುವುದಿಲ್ಲ. ಗೋರಕ್ಷನು ಪ್ರಭುವಿನ ಮೇಲೆ ಬೀಸಿದಾಗಲಾದರೋ ಕತ್ತಿ ಬಯಲಿನಲ್ಲಿ ಆಡಿದಂತೆ ಅತ್ತಿಂದಿತ್ತ ಹಾದುಹೋಗುತ್ತದೆ. ದೇಹವನ್ನು ಸಾಧಿಸಿದವನಿಗೂ ದೇಹದ ಅಭಿಮಾನವನ್ನು ಕಳೆದುಕೊಂಡವನಿಗೂ ಇರುವ ಅಂತರವನ್ನು ತಿಳಿದು ಗೋರಕ್ಷನು ಪ್ರಭುವಿಗೆ ಶರಣಾಗುತ್ತಾನೆ. ನನಗೆ ಈ ಕಥೆ ಯೋಗಾಸನದ ನಿಂದೆಯಾಗಿ ಕಾಣುವುದಿಲ್ಲ. ಮಣಿದ ಮೈಯ ಹೆಮ್ಮೆಯೂ ಮಣಿಯದ ಮೈಯ ನಾಚಿಕೆಯೂ ಎರಡೂ ದೇಹಾಭಿಮಾನದ ಮುಖಗಳೇ ಎಂಬುದನ್ನು ಅದು ತೋರಿಸುತ್ತದೆ. ಎರಡನೆಯದು ವಿನಯದ ವೇಷದಲ್ಲಿರುವುದರಿಂದ ಅದನ್ನು ಗುರುತಿಸುವುದು ಹೆಚ್ಚು ಕಷ್ಟ. ಮೇಷ್ಟರಿಗೆ ನಾನು ಇಷ್ಟನ್ನು ಹೇಳಿದಾಗ, “ಹಾಗಾದರೆ ನನ್ನ ಸೊಂಟಕ್ಕೂ ಅಹಂಕಾರವೇ?” ಎಂದು ನಕ್ಕರು.

ಮನೆಯಲ್ಲಿ ಪ್ರಾರಂಭಿಸಬೇಕೆನ್ನುವ ಓದುಗರಿಗೆ ಒಂದೆರಡು ಮಾತು ಉಳಿದಿದೆ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಲಿ. ಬೆಳಗಿನ ಹೊತ್ತು ಮೈ ಹೆಚ್ಚು ಬಿಗಿಯಾಗಿರುತ್ತದೆ, ಸಂಜೆಗೆ ಸಡಿಲವಾಗಿರುತ್ತದೆ. ಯಾವುದು ಅನುಕೂಲವೋ ಆ ಹೊತ್ತನ್ನು ಹಿಡಿದು ಬಿಡದಿರಿ. ನೀಡಿದ ಸ್ನಾಯುವಿನಲ್ಲಿ ಮಂದವಾಗಿ ಎಳೆದಂತಾಗುವುದು ಸಹಜ. ಕೀಲಿನಲ್ಲಿ ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಿ. ರಕ್ತದೊತ್ತಡ ಹೆಚ್ಚಿರುವವರೂ, ಗ್ಲಾಕೋಮಾ ಇರುವವರೂ ತಲೆ ಕೆಳಗಾಗುವ ಆಸನಗಳನ್ನು ವೈದ್ಯರನ್ನು ಕೇಳದೆ ಮಾಡತಕ್ಕದ್ದಲ್ಲ. ಕಾಫಿಯ ಪರಿಮಳ ಒಳಮನೆಯಿಂದ ಬಂದಿತೆಂದು ಕಡೆಯ ಶವಾಸನವನ್ನು ಬಿಟ್ಟು ಏಳುವವರೇ ಹೆಚ್ಚು. ನೀವು ಮಾತ್ರ ಅದನ್ನು ಬಿಡಬೇಡಿ, ಐದು ನಿಮಿಷ ಮಲಗಿಯೇ ಏಳಿ.